ಹಾರುವ ಮಂಚದ ಕೊನೆಯ ಕಾಲು ಗಂಟೆ

ನನ್ನ ಬಾಲ್ಯದ ಸಿನಿಮಾವನ್ನು ಕೆಡಿಸುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು? ಹೋದ ತಿಂಗಳು ಶಿವಮೊಗ್ಗದ ಚಿತ್ರಮಂದಿರವೊಂದರ ಮೆಟ್ಟಿಲ ಮೇಲೆ ನಿಂತು ಈ ಪ್ರಶ್ನೆಯನ್ನು ಪರಿಚಯವೇ ಇಲ್ಲದ ಏಳೆಂಟು ಜನರಿಗೆ ಕೇಳಿದೆ. ಅವರು ತಮ್ಮ ತಮ್ಮ ಬೈಕು ಹುಡುಕಿಕೊಂಡು ಹೋದರು.

'ಹಾರುವ ಮಂಚ'ವನ್ನು ನಾನು ನೋಡಿದ್ದು ಐದನೇ ಕ್ಲಾಸಿನಲ್ಲಿ. ಅದನ್ನೇ ಹೊಸದಾಗಿ ತೆಗೆದಿದ್ದಾರೆಂದು ತಿಳಿದು, ಹೆಂಡತಿ ಸುಪ್ರಿಯಾ ಮತ್ತು ಏಳು ವರ್ಷದ ಮಗಳು ಅಕ್ಷಯಾಳನ್ನು ಮೊದಲ ಭಾನುವಾರವೇ ಕರೆದುಕೊಂಡು ಹೋಗಿದ್ದೆ. ಮಂಚ ಚೆನ್ನಾಗಿಯೇ ಹಾರಿತು. (ಹಳೆಯದರಲ್ಲಿ ಮಂಚಕ್ಕೆ ಕಟ್ಟಿದ ತಂತಿ ಕಾಣುತ್ತಿತ್ತು. ಆ ತಂತಿಯ ಮೇಲೂ ನನಗೆ ಅಭಿಮಾನವಿದೆ.) ರಾಕ್ಷಸನ ಮೂಗಿನ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಆದರೆ ಕೊನೆಗೆ ರಾಜಕುಮಾರ ಇಪ್ಪತ್ತು ನಿಮಿಷ ಹೊಡೆದಾಡಿ ರಾಕ್ಷಸನ ತಲೆ ಕತ್ತರಿಸಿಬಿಟ್ಟ. ರೊಟ್ಟಿಯ ದೃಶ್ಯವೇ ಇಲ್ಲ.

ಮೂಲದಲ್ಲಿ ಹಾಗಲ್ಲ. ಮೂಲದಲ್ಲಿ ರಾಕ್ಷಸನಿಗೆ ಹಸಿವು, ಅಷ್ಟೇ. ರಾಜಕುಮಾರನ ಅಕ್ಕ ಅವನೆದುರು ಕೂತು ನಲವತ್ತು ಅಕ್ಕಿರೊಟ್ಟಿ ತಟ್ಟಿ, ಬದನೆಕಾಯಿ ಎಣಗಾಯಿ ಬಡಿಸುತ್ತಾಳೆ. ತಿಂದು ತೇಗಿದ ರಾಕ್ಷಸ ಅವಳ ಕೈಗೆ ಗುಹೆಯ ಬೀಗದ ಕೈ ಕೊಟ್ಟು ಮಲಗುತ್ತಾನೆ. ವಿಶ್ವದ ಚಿತ್ರರಂಗದಲ್ಲಿ ಇಂಥ ಅಂತ್ಯ ಇನ್ನೊಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಕಂಡವನು ನಾನು. ಯಾವುದನ್ನೂ ನೋಟ್ಸ್ ಮಾಡದೆ ಬಿಟ್ಟವನಲ್ಲ. ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬಂದವನೇ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು ಆಕ್ಷೇಪಣೆಗಳನ್ನು ಬರೆದು, ಸುಪ್ರಿಯಾಳಿಗೆ ಓದಿ ಹೇಳಿದೆ.

"ಅವರ ಕ್ಯಾಮೆರಾ, ಅವರ ರಾಕ್ಷಸ. ನಿಮಗೇನ್ರೀ ಕಷ್ಟ?"

"ಇದು ಸಂಸ್ಕೃತಿಯ ಪ್ರಶ್ನೆ ಮಾರಾಯ್ತಿ. ರೊಟ್ಟಿಯನ್ನೇ ತೆಗೆದುಬಿಟ್ರೆ ಉಳೀತೇನು?"

"ರೊಟ್ಟಿ ತಟ್ಟೋದು ಸಂಸ್ಕೃತಿ ಆದ್ರೆ ನಾಳೆಯಿಂದ ನೀವೂ ಒಂದೆರಡು ತಟ್ಟಿ."

ಇಷ್ಟಕ್ಕೇ ಮುಗಿದಿದ್ದರೆ ನಾನು ಸಂಸ್ಕೃತಿಯನ್ನು ಅದರ ಪಾಡಿಗೆ ಬಿಡುತ್ತಿದ್ದೆ. ಆದರೆ ಬುಧವಾರ ಅಕ್ಷಯಾ ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ದಿನಾ ಊಟ ಮಾಡಿಸುವಾಗ ನಾನು ಹೇಳುತ್ತಿದ್ದ ರೊಟ್ಟಿಯ ಕತೆಯನ್ನೇ ಅವಳು ಕ್ಲಾಸಿನಲ್ಲಿ ಹೇಳಿದ್ದಳು. ಎಲ್ಲರೂ ನಕ್ಕರಂತೆ.

"ನಿಶಾಂತ್ ಅವರಪ್ಪ ಹಳೇದನ್ನೂ ನೋಡಿದಾರಂತೆ. ಅದ್ರಲ್ಲೂ ತಲೆ ಕಡಿತಾರಂತೆ. ನೀನು ನಂಗೆ ಸುಳ್ಳು ಹೇಳ್ತಿದ್ಯಾ ಅಪ್ಪ?"

ಅಂದಿನಿಂದ ಅವಳು ನನ್ನ ಕೈತುತ್ತು ತಿನ್ನಲಿಲ್ಲ. ನಾನು "ಒಂದೂರಲ್ಲಿ" ಎಂದರೆ ಸಾಕು, ತಟ್ಟೆ ಎತ್ತಿಕೊಂಡು ಅಮ್ಮನ ಹತ್ತಿರ ಹೋಗುತ್ತಿದ್ದಳು. ಮಗಳ ಕಣ್ಣಿನಲ್ಲಿ ಸುಳ್ಳನಾಗಿ ನಾಲ್ಕು ದಿನ ಬದುಕಿದ ಅಪ್ಪನಿಗಷ್ಟೇ ಆ ನೋವು ಗೊತ್ತು.

ನನಗೆ ಒಬ್ಬಳು ಸಾಕ್ಷಿ ಇದ್ದಳು. ಭದ್ರಾವತಿಯ ಹಳೇನಗರದಲ್ಲಿರುವ ನನ್ನ ಅಕ್ಕ ವಸಂತಮ್ಮ. ಐದನೇ ಕ್ಲಾಸಿನಲ್ಲಿ ನನ್ನನ್ನು ಆ ಸಿನಿಮಾಕ್ಕೆ ಕರೆದುಕೊಂಡು ಹೋದವಳು ಅವಳೇ. ಭಾನುವಾರ ಮೂವರೂ ಅವಳ ಮನೆಗೆ ಹೋದೆವು. ದಾರಿಯುದ್ದಕ್ಕೂ ಅಕ್ಷಯಾ ಅಮ್ಮನ ಪಕ್ಕದಲ್ಲಿ ಕೂತಿದ್ದಳು.

ಹೊಸ ಸಿನಿಮಾ ಬಂದ ಹುರುಪಿನಲ್ಲಿ ಯಾರೋ ಪುಣ್ಯಾತ್ಮರು ಹಳೆಯದನ್ನೂ ಯೂಟ್ಯೂಬಿಗೆ ಏರಿಸಿದ್ದರು. ಸುಪ್ರಿಯಾ ಅದನ್ನು ಹುಡುಕಿ ತೆಗೆದಳು. ನಾನು ಅಕ್ಕನನ್ನು ಅಡುಗೆಮನೆಯಿಂದ ಕರೆದು, ಮಗಳನ್ನು ಮುಂದೆ ಕೂರಿಸಿ, ಸುಪ್ರೀಂ ಕೋರ್ಟಿನ ವಕೀಲನ ಗತ್ತಿನಲ್ಲಿ ಫೋನನ್ನು ಚೊಂಬಿಗೆ ಒರಗಿಸಿದೆ.

ಮಂಚ ಹಾರಿತು. ತಂತಿ ಕಂಡಿತು. ರಾಕ್ಷಸ ಬಾಯಿ ತೆರೆದ. ರಾಜಕುಮಾರ ಕತ್ತಿ ಎತ್ತಿ ಅವನ ತಲೆ ಹಾರಿಸಿದ. ಶುಭಂ.

"ಇದು ನಕಲಿ ಪ್ರತಿ," ಎಂದೆ.

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಕೊನೇದನ್ನ ನಾವೆಲ್ಲೋ ನೋಡಿದ್ದು ನಾಗೇಶ? ನಮ್ಮೂರಿಗೆ ಕೊನೇ ಬಸ್ಸು ಐದೂ ಇಪ್ಪತ್ತಕ್ಕೆ. ಮ್ಯಾಟಿನಿ ಬಿಡೋದು ಐದೂವರೆಗೆ. ಅವನು ಬಾಯಿ ತೆಗೆದಾಗಲೇ ನಿನ್ನ ರಟ್ಟೆ ಹಿಡ್ಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ್ದೆ. ನಮ್ಮೂರಲ್ಲಿ ಯಾರು ತಾನೇ ಯಾವ ಸಿನಿಮಾದ ಕೊನೆ ನೋಡಿದಾರೆ?"

"ರೊಟ್ಟಿ ನಂಗೆ ನೆನಪಿದೆ ಅಕ್ಕ. ಹಬೆ ಆಡ್ತಿತ್ತು."

"ರಾಕ್ಷಸ ಹಿಂದೇನೇ ಬರ್ತಿದಾನೆ ಅಂತ ಬಸ್ಸಲ್ಲಿ ಒಂದೇ ಸಮ ಅಳ್ತಿದ್ದೆ. ಸುಮ್ನಿರಿಸ್ದೆ ಇದ್ರೆ ಇಳಿಸ್ಬಿಡ್ತೀನಿ ಅಂದ ಕಂಡಕ್ಟರ್. ಏನು ಮಾಡ್ಲಿ? ಕತೇಲಿ ರೊಟ್ಟಿ ತಿನ್ಸಿ ರಾಕ್ಷಸನನ್ನ ಮಲಗಿಸ್ಬಿಟ್ಟೆ. ಆಮೇಲೆ ನೀನೂ ಮಲಗಿದೆ."

ಆಗ ಅಕ್ಕನಿಗೆ ಹದಿನೇಳು. ಟೈಲರಿಂಗ್ ಕಲಿಯಲು ಭದ್ರಾವತಿಗೆ ಬರುತ್ತಿದ್ದವಳು, ನಾನು ಕ್ಲಾಸಿಗೆ ಮೊದಲಿಗನಾದೆನೆಂದು ಒಂದು ದಿನ ಹೊಲಿಗೆ ಬಿಟ್ಟು ಸಿನಿಮಾ ತೋರಿಸಿದ್ದಳು. ಆ ಕೊನೆಯ ಕಾಲು ಗಂಟೆ ನೋಡುವ ಆಸೆ ಅವಳಿಗೂ ಇದ್ದಿರಬೇಕೆಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಮುಂದೆ ನಾನು ಎಷ್ಟೋ ಸಂದರ್ಶನಗಳಿಗೆ ಹೆದರದೆ ಹೋದದ್ದು, ಎದುರಿಗೆ ಗಂಟುಮುಖ ಹಾಕಿ ಕೂತವರಿಗೆ ಪಾಪ ಹಸಿವಾಗಿರಬಹುದು ಎಂಬ ಒಂದೇ ಧೈರ್ಯದಿಂದ. (ಬಹಳ ಸಲ ನಿಜವೂ ಆಗಿತ್ತು.) ಆ ಧೈರ್ಯ ಯಾವ ಸಿನಿಮಾದವರದೂ ಅಲ್ಲ, ನನ್ನ ಅಕ್ಕನದು. ಅದನ್ನು ತಿಳಿಸಿಕೊಟ್ಟ ಹೊಸ ಸಿನಿಮಾದವರಿಗೂ ನಾನು ಋಣಿ. ಬೇಕಾದರೆ ಇನ್ನೆರಡು ತಲೆ ಕತ್ತರಿಸಲಿ.

ಅಕ್ಷಯಾ ನಮ್ಮಿಬ್ಬರನ್ನೂ ನೋಡಿದಳು. "ಅಂದ್ರೆ ಅಪ್ಪ ಸುಳ್ಳು ಹೇಳಿಲ್ಲ?"

"ನಿಮ್ಮಪ್ಪನಿಗೆ ಅದೆಲ್ಲ ಬರಲ್ಲ ಪುಟ್ಟಿ," ಅಕ್ಕ ಎಂದಳು. "ನಾನು ಹೇಳಿದ್ದನ್ನ ಬಾಯಿಪಾಠ ಮಾಡ್ಕೊಂಡಿದ್ದ, ಅಷ್ಟೇ. ಓದೋ ಹುಡುಗ."

ನಾನು ನಿರ್ದೋಷಿ ಎಂದು ತೀರ್ಮಾನವಾಯಿತು. ಖುಷಿಯಿಂದ ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಮಗಳನ್ನು ಕರೆದೆ. ಅವಳು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ಅತ್ತೆಯ ಮಡಿಲಲ್ಲಿಟ್ಟಳು. "ನೀನೇ ಹೇಳತ್ತೆ."

ಅಕ್ಕ ಶುರು ಮಾಡಿದಳು. ರಾಕ್ಷಸ ಬಾಯಿ ತೆರೆದ. ತಾನೂ ಮಂಚ ಹತ್ತಿ ಭದ್ರಾವತಿಗೆ ಬಂದ. ಹೋಟೆಲಿನಲ್ಲಿ ಕೂತು ಎಂಟು ಪ್ಲೇಟ್ ಇಡ್ಲಿ ತರಿಸಿದ.

"ಇಡ್ಲಿ ಅಲ್ಲ ಅಕ್ಕ," ನಾನು ತಡೆಯಲಾರದೆ ಹೇಳಿದೆ. "ನಲವತ್ತು ಅಕ್ಕಿರೊಟ್ಟಿ. ಭದ್ರಾವತಿಗೆ ಬರೋದೂ ಇಲ್ಲ. ಮೂಲದಲ್ಲಿ..."

ಮೂವರು ಹೆಂಗಸರೂ ನನ್ನ ಕಡೆ ತಿರುಗಿದರು.

"ಸುಮ್ನಿರಪ್ಪ," ಬಾಯಿ ತುಂಬ ಅನ್ನವಿದ್ದ ಅಕ್ಷಯಾ ಹೇಳಿದಳು. "ನಿಂದು ಹಳೇದು."