ಓಣಿಯ ಮಗ್ಗ ನಿಲ್ಲಿಸಿದ ಕಂಪ್ಯೂಟರು

"ಈ ಗೌರಿ ಹುಣ್ಣಿವಿಗೆ ನಿಮ್ಮ ಗಂಟಲಕ್ಕ ಸೂಟಿ! ಆರತಿ ಹಾಡು ನನ್ನ ಕಂಪ್ಯೂಟರ್ ಹೇಳ್ತೈತಿ!"

೧೯೮೭ರಲ್ಲಿ ಓಣಿಯ ಹೆಂಗಸರ ಮುಂದೆ ನಾನು ಹೀಗೆ ಘೋಷಿಸಿದಾಗ ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಟಿ.ವಿ.ಗೆ ಜೋಡಿಸಿದ ಪುಟ್ಟ ಕಂಪ್ಯೂಟರು, ಮಿಡಿ ಎಂಬ ವೈರು, ಅದರ ತುದಿಗೆ ಬಗೆಬಗೆಯ ವಾದ್ಯಗಳ ಸದ್ದು ಹೊರಡಿಸುವ ಸಿಂಥಸೈಜರು ರಾಜಠೀವಿಯಿಂದ ಮಂಡಿಸಿದ್ದವು. ಎಲ್ಲವೂ ದುಬೈ ಗೆಳೆಯ ನಬಿಸಾಬನ ಕೃಪೆ! ಹಾಡು ಕಂಪ್ಯೂಟರಿನ ಭಾಷೆಯಲ್ಲಿ ಕ್ಯಾಸೆಟ್ಟಿನಲ್ಲಿತ್ತು. ಟೇಪ್ ರೆಕಾರ್ಡರಿನಿಂದ ಅದನ್ನು ಕಂಪ್ಯೂಟರಿನ ಹೊಟ್ಟೆಗೆ ಇಳಿಸಬೇಕು, ಅಷ್ಟೇ.

ಹೆಂಡತಿ ಬನಶಂಕರಿಗೆ ಅದೇ ಜಾಗದಲ್ಲಿ ನೆಲಕ್ಕೆ ಕುಣಿ ತೋಡಿ ಎರಡನೇ ಮಗ್ಗ ಹೂಡುವ ಆಸೆ.

"ಹಾಡಲಿಲ್ಲಂದ್ರ?"

"ಮಗ್ಗದ ಕುಣಿ ನಾನ ತೋಡ್ತೇನಿ!"

ಹುಣ್ಣಿಮೆಯ ಸಂಜೆ ಹೆಂಗಸರೆಲ್ಲ ಸಕ್ಕರೆ ಗೊಂಬೆಗಳ ಆರತಿ ಹಿಡಿದು ಬಂದರು. ಮದುವೆ ಸೀಜನ್ನು ನೋಡಿ, ಗಂಡಸರು ಇನ್ನೂ ನೇಯುತ್ತಲೇ ಇದ್ದರು. ಪಕ್ಕದ ಮನೆಯ ಖಾಸಿಂಸಾಬನ ಮಗ್ಗ ಟಕ್ ಎಂದರೆ ನಮ್ಮ ನೆಲ ಅದುರುತ್ತಿತ್ತು. ಟೇಪು ನಡುಗುತ್ತಿತ್ತು. ಕಂಪ್ಯೂಟರು ಮುನಿಸಿಕೊಂಡು ಹಾಡನ್ನು ಉಗುಳಿಬಿಡುತ್ತಿತ್ತು! ಎದ್ದು ಓಡಿದೆ.

"ಖಾಸಿಂಸಾಬ, ಜರಾ ಮಗ್ಗ ನಿಲ್ಲಸೋ!"

"ಯಾಕಲೇ, ಯಾರು ಹೋದ್ರು?"

ನಮ್ಮ ಓಣಿಯಲ್ಲಿ ಸಾವಾದರೆ ಮಾತ್ರ ಮಗ್ಗಗಳು ಒಟ್ಟಿಗೆ ನಿಲ್ಲುತ್ತವೆ.

"ಯಾರೂ ಹೋಗಿಲ್ಲೋ! ಕಂಪ್ಯೂಟರ್ ಹಾಡ್ತೈತಿ!"

ಮನೆಮನೆಗೂ ಹೋಗಿ ಕೈಮುಗಿದೆ. ಮನೆಮನೆಯಲ್ಲೂ ಅದೇ ಪ್ರಶ್ನೆ. ಕೊನೆಗೆ ಇಡೀ ಓಣಿ ಗಪ್‌ಚುಪ್! ಆ ಮೌನ ಕೇಳಿ ಆಚೆ ಓಣಿಯವರು ಹೆಗಲಿಗೆ ಟವೆಲ್ಲು ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದುಬಿಟ್ಟರು. ಒಬ್ಬ ಹಿರಿಯರು ನನ್ನ ಹೆಗಲು ತಟ್ಟಿ, "ಧೈರ್ಯ ತಗೋ ತಮ್ಮಾ" ಎಂದರು.

ಧೈರ್ಯ ತೆಗೆದುಕೊಂಡೇ ಹಾಡನ್ನು ಕಂಪ್ಯೂಟರಿಗೆ ಇಳಿಸಿ ಗುಂಡಿ ಒತ್ತಿದೆ.

ಟಕ್-ಟಕಾ-ಟಕ್! ಟಕ್-ಟಕಾ-ಟಕ್!

ಗಡಿಬಿಡಿಯಲ್ಲಿ ಸಿಂಥಸೈಜರಿನಲ್ಲಿ ಕೊಳಲಿನ ಬದಲು ಕಟ್ಟಿಗೆ ಬಡಿಯುವ ಸದ್ದು ಆರಿಸಿಬಿಟ್ಟಿದ್ದೆ! ಬೆವರೊರೆಸುತ್ತ ಸಿಕ್ಕ ಸಿಕ್ಕ ಗುಂಡಿ ಒತ್ತಿದೆ. ಟಕಟಕ ಇನ್ನಷ್ಟು ಜೋರಾಯಿತು.

"ಏನ್ರಿ, ಇದನ್ನ ಕೇಳಾಕ ಓಣ್ಯಾಗಿನ ಮಗ್ಗ ಎಲ್ಲಾ ನಿಲ್ಲಿಸಿದ್ರೇನು?" ಎಂದಳು ಬನಶಂಕರಿ.

ಓಣಿಯೇ ಬಿದ್ದು ಬಿದ್ದು ನಕ್ಕಿತು. ಆರತಿ ಹಾಡನ್ನು ಹೆಂಗಸರೇ ಹೇಳಿದರು, ಅದೂ ಬಹಳ ಚೆನ್ನಾಗಿ! ನನಗೆ ಮಾತ್ರ ನಾಚಿಕೆಯಿಂದ ಆರತಿಯ ಸಕ್ಕರೆಯೂ ಸಪ್ಪೆಯಾಗಿತ್ತು.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಸೊಂಟದಾಳದ ಕುಣಿಯೊಳಗೆ ನಿಂತು ಮಣ್ಣು ಎತ್ತಿ ಹಾಕುತ್ತಿದ್ದೆ. ಖಾಸಿಂಸಾಬ ಬಾಗಿಲಲ್ಲಿ ಇಣುಕಿದವನೇ ಗಾಬರಿಯಾದ.

"ಯಾಕಲೇ, ಖರೇನ ಯಾರರ ಹೋದ್ರೇನು?"

ಒಳಗಿನಿಂದ ಬನಶಂಕರಿಯೇ ಉತ್ತರ ಕೊಟ್ಟಳು:

"ಹೂಂ ಅಣ್ಣಾ, ನಮ್ಮನಿ ಕಂಪ್ಯೂಟರ್!"