ಗಲ್ಲ ತುಂಬಿಸಿಕೊಳ್ಳಲು ಹೊರಟವನ ಹರಕೆ

ಗಂಡಸಿಗೆ ನಾಚಿಕೆಪಡಲು ಲೋಕದಲ್ಲಿ ಬೇಕಾದಷ್ಟು ಕಾರಣಗಳಿವೆ. ಇಸ್ಪೀಟಿನಲ್ಲಿ ಸೋತದ್ದನ್ನೋ, ಬೀಗರ ಮನೆಯಲ್ಲಿ ಜಗಳವಾಡಿ ಊಟ ಬಿಟ್ಟು ಎದ್ದು ಬಂದದ್ದನ್ನೋ ಹೇಳಿಕೊಂಡರೆ ಒಬ್ಬರಾದರೂ ಬೆನ್ನು ತಟ್ಟಿ ಸಮಾಧಾನ ಮಾಡುತ್ತಾರೆ. ಆದರೆ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, "ನನ್ನ ಕೆನ್ನೆ ಒಳಗೆ ಹೋಗಿವೆ, ಸೂಜಿ ಹಾಕಿಸಿ ತುಂಬಿಸಿಕೊಳ್ಳಲೇ?" ಎಂದು ಯಾರ ಮುಂದೆ ಬಾಯಿ ಬಿಡಲಿ? ನಿಮ್ಮ ಮುಂದೆ ಹೇಳುತ್ತಿದ್ದೇನೆ, ಏಕೆಂದರೆ ನೀವು ದಿನಾ ನನ್ನ ಅಂಗಡಿಯ ಮುಂದೆ ಹಾದುಹೋಗುವವರಲ್ಲ.

ಸೇಡಂ ಬಜಾರಿನಲ್ಲಿ ನನ್ನದು ಸೀರೆ ಅಂಗಡಿ. ಈ ದಂಧೆಯಲ್ಲಿ ಬಾಯಿಗಿಂತ ಹೆಗಲಿಗೆ ಕೆಲಸ ಹೆಚ್ಚು. ಸೀರೆಯನ್ನು ಗಾದಿಯ ಮೇಲೆ ಹರವಿದರೆ ಯಾವ ಹೆಣ್ಣುಮಗಳಿಗೂ ಮನಸ್ಸು ಬರುವುದಿಲ್ಲ, ಯಾರಾದರೂ ಮೈಮೇಲೆ ಹಾಕಿ ತೋರಿಸಬೇಕು. ಹಾಗಾಗಿ ಮೀಸೆ ಬಂದಾಗಿನಿಂದ ನಾನು ನಿರಿಗೆ ಹಿಡಿದು, ಸೆರಗು ಹೊದ್ದು, ಕನ್ನಡಿಯ ಮುಂದೆ ಅತ್ತ ಇತ್ತ ತಿರುಗುತ್ತ ಬಂದಿದ್ದೇನೆ. ನನಗಿಂತ ಹೆಚ್ಚು ಸೀರೆ ನೀವೇ ಉಟ್ಟಿದ್ದೀರಿ ಎಂದು ನನ್ನ ಹೆಂಡತಿ ಶರಣಮ್ಮ ಆಗಾಗ ದೂರುತ್ತಾಳೆ. ಅದು ಸುಳ್ಳಲ್ಲ.

ಒಂದು ದಿನ ಕುರಕುಂಟಾದಿಂದ ತಾಯಿ-ಮಗಳು ಮದುವೆ ಜವಳಿಗೆ ಬಂದರು. ಗುಲಾಬಿ ಬಣ್ಣದ ರೇಷ್ಮೆ ಸೀರೆ ಹೊದ್ದು ನಿಂತೆ. ಹುಡುಗಿ ಸೀರೆ ನೋಡಿದಳು, ಕತ್ತೆತ್ತಿ ನನ್ನ ಮುಖ ನೋಡಿದಳು, "ಯವ್ವಾ, ಸೀರಿ ಚಲೋ ಅದ. ಆದ್ರ ಕಾಕಾರ ಮಾರಿ ನೋಡಿದ್ರ ಹಳೇ ಸ್ಟಾಕ್ ಅನಸ್ತದ" ಎಂದಳು. ತಾಯಿ ಅವಳ ತೋಳು ಚಿವುಟಿ ನನಗೆ ಸಮಾಧಾನ ಹೇಳಿದಳು: "ಮನಸಿಗಿ ಹಚ್ಕೋಬ್ಯಾಡ್ರಿ ಅಣ್ಣಾರ. ನಿಮ್ಮ ಗಲ್ಲ ಒಳಗ ಹೋಗ್ಯಾವ ನೋಡ್ರಿ, ಅದಕ್ಕ ಹಂಗ ಕಾಣ್ತದ." ಮಗಳ ಮಾತನ್ನು ಹೇಗೋ ನುಂಗಬಹುದಿತ್ತು, ತಾಯಿಯ ಸಮಾಧಾನ ಗಂಟಲಲ್ಲೇ ಉಳಿಯಿತು. ಅಂದು ಅವರು ಏನೂ ಕೊಳ್ಳದೆ ಹೋದರು.

ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಹುಡುಕಿ, ಮುಖಕ್ಕೆ ಫಿಲ್ಲರ್ ಎಂಬ ಸೂಜಿಮದ್ದು ಚುಚ್ಚಿ ಕೆನ್ನೆ ತುಂಬಿಸುತ್ತಾರೆ ಎಂದು ತಿಳಿದುಕೊಂಡೆ. ಕಲಬುರಗಿಯಲ್ಲಿ ಹಾಕಿಸೋಣವೆಂದರೆ ಅಲ್ಲಿ ಕಾಲಿಟ್ಟಲ್ಲೆಲ್ಲ ನಮ್ಮವರೇ. ಅದಕ್ಕೆ ಮನೆಯಲ್ಲಿ "ಡಾಕ್ಟರಿಗಿ ತೋರಿಸ್ಕೊಂಡ ಬರ್ತೀನಿ, ಅಂಥಾದ್ದೇನಿಲ್ಲ" ಎಂದಷ್ಟೇ ಹೇಳಿ ಹೈದರಾಬಾದಿನ ರೈಲು ಹತ್ತಿದೆ. ನಾನು ಕೆಟ್ಟದ್ದೇ ಅಲ್ಲಿ. ನಮ್ಮ ಕಡೆ ಕಾಯಿಲೆಯನ್ನು ಊರಿನಿಂದ ಅಳೆಯುತ್ತಾರೆ. ಸೇಡಂನಲ್ಲಿ ತೋರಿಸಿದರೆ ನೆಗಡಿ, ಕಲಬುರಗಿಗೆ ಹೋದರೆ ಏನೋ ಇದೆ, ಹೈದರಾಬಾದಿಗೆ ಹೋದರೆಂದರೆ ಅಣ್ಣತಮ್ಮಂದಿರು ಹೊಲದ ಪಹಣಿ ತೆಗೆಸಲು ಓಡುತ್ತಾರೆ. ಸಾಲದ್ದಕ್ಕೆ ರೈಲಿನಲ್ಲಿ ಸುಲೇಪೇಟದ ಗಿರಾಕಿಯೊಬ್ಬರು ಎದುರಿಗೇ ಕುಳಿತಿದ್ದರು. "ಎಲ್ಲಿಗಿ ಹೊಂಟೀರಿ?" ಎಂದರು. "ದವಾಖಾನಿಗಿ" ಎಂದೆ. ಅವರು ತಟ್ಟನೆ ಎದ್ದು ತಮ್ಮ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ನಾವು ಕುಪ್ಪಸದ ಬಟ್ಟೆಗೆ ಗುರುತು ಹಾಕುವ ಹಾಗೆ ಪೆನ್ಸಿಲಿನಿಂದ ನನ್ನ ಕೆನ್ನೆಯ ಮೇಲೆ ಗೆರೆ ಎಳೆದಳು. ಹಾಕಿದ್ದು ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ, ಮನೆಯಲ್ಲಿ ವಿಚಾರ ಮಾಡಿ ಸೋಮವಾರ ಬನ್ನಿ ಎಂದಳು. "ಮಂದಿಗಿ ಗೊತ್ತಾಗ್ತದೇನ್ರಿ?" ಎಂದು ಕೇಳುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಆದರೂ ವಾಪಸ್ ಬರುವ ರೈಲಿನಲ್ಲಿ ಹಾಕಿಸಿಕೊಳ್ಳುವುದೇ ಸೈ ಎಂದು ಗಟ್ಟಿ ಮಾಡಿದೆ.

ಮನೆಗೆ ಬಂದರೆ ಬಾಗಿಲ ತುಂಬ ಚಪ್ಪಲಿ! ಸುಲೇಪೇಟದವರ ಫೋನು ನನಗಿಂತ ಮುಂಚೆ ಊರು ಮುಟ್ಟಿತ್ತು. ಓಣಿಯವರೆಲ್ಲ ಬ್ರೆಡ್ಡು, ಬಾಳೆಹಣ್ಣು ಹಿಡಿದು ನನ್ನನ್ನು ಮಾತಾಡಿಸಲು ಬಂದು ಕುಳಿತಿದ್ದರು. "ಡಾಕ್ಟರ್ ಏನಂದ್ರು?" ಎಂದರೆ "ಏನಿಲ್ಲ" ಎಂದೆ. ರೋಗಿ ಏನಿಲ್ಲ ಎಂದಷ್ಟೂ ನೋಡಲು ಬಂದವರ ಮುಖ ಇಳಿಯುತ್ತದೆ. ಪಕ್ಕದಂಗಡಿಯ ಟೇಲರ್ ಖಾಜಾಮಿಯಾ ನನ್ನ ಕೈ ಹಿಡಿದು, "ಸಾವಕಾರ್ರ, ಫಿಕರ್ ಮಾಡಬ್ಯಾಡ್ರಿ. ದರ್ಗಾಕ್ಕ ಹೋಗಿ ದುವಾ ಮಾಡಿ ಬಂದೀನಿ" ಎಂದು ಸಕ್ಕರೆಯ ಪೊಟ್ಟಣ ಕೊಟ್ಟ. ಆಮೇಲೆ ಉಳಿದವರ ಕಡೆ ತಿರುಗಿ, "ಗಲ್ಲ ನೋಡ್ರಿ, ಹ್ಯಾಂಗ ಇಳದಾವ!" ಎಂದ. ಎಲ್ಲರೂ ನನ್ನ ಕೆನ್ನೆಗಳನ್ನು ನೋಡಿ ನಿಟ್ಟುಸಿರುಬಿಟ್ಟರು. ಭೂಮಿ ಬಾಯಿ ಬಿಟ್ಟರೆ ಇಳಿದು ಹೋಗೋಣ ಅನ್ನಿಸಿತು.

ಎಲ್ಲರೂ ಎದ್ದು ಹೋದ ಮೇಲೆ ಶರಣಮ್ಮ ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. ಅವಳ ಕಣ್ಣು ಅತ್ತು ಊದಿಕೊಂಡಿದ್ದವು. "ನನ್ನ ಮುಂದರ ಖರೆ ಹೇಳ್ರಿ. ಎಷ್ಟ ದಿನ ಅಂದಾರ?"

ಇಷ್ಟು ವರ್ಷ ನನ್ನ ಜೊತೆ ಬಾಳಿದವಳು ಬೆಳಗಿನಿಂದ ಮನಸ್ಸಿನಲ್ಲೇ ನನ್ನನ್ನು ಕಳಕೊಂಡು ಕೂತಿದ್ದಾಳೆ, ನಾನು ರೈಲಿನಲ್ಲಿ ಕೆನ್ನೆ ಸವರಿಕೊಳ್ಳುತ್ತ ಬಂದಿದ್ದೇನೆ! ತಲೆ ತಗ್ಗಿಸಿ ಇದ್ದದ್ದನ್ನೆಲ್ಲ ಹೇಳಿದೆ.

"ಗಲ್ಲಕ್ಕ?" ಎಂದಳು.

"ಹ್ಞೂಂ, ಗಲ್ಲಕ್ಕ."

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಕುಣಿಯುತ್ತಿದ್ದವು. ಅಳುತ್ತಿದ್ದಾಳೆಂದು ಹತ್ತಿರ ಹೋದರೆ ನಗುತ್ತಿದ್ದಳು. ನಕ್ಕು ನಕ್ಕು, ಆಮೇಲೆ ನಿಜವಾಗಿಯೇ ಅತ್ತಳು. "ಚಿಂಚೋಳಿ ಮಗಳಿಗಿ ಫೋನ್ ಮಾಡಿ ಅಕಿನೂ ಅಳಸೀನಲ್ರಿ! ಹಾಳಾಗಿ ಹೋಗ್ಲಿ, ಜೀವಂತ ಅದೀರಲ್ಲ, ಅಷ್ಟ ಸಾಕು. ಸೂಜಿ ಬೇಕಾದ್ರ ಹಾಕಸ್ಕೋರಿ, ಮದ್ಲ ಹರಕಿ ತೀರಸ್ರಿ."

"ಯಾವ ಹರಕಿ?"

"ನೀವು ಆರಾಮಾಗಿ ಬಂದ್ರ ಗುಡಿ ಸುತ್ತ ದೀಡ ನಮಸ್ಕಾರ ಅಂತ ಬೇಡ್ಕೊಂಡೀನಿ."

"ಹರಕಿ ಹೊತ್ತೋಕಿ ನೀನು, ನೀನೇ ಹಾಕು."

"ಆರಾಮಾದೋರು ಯಾರ್ರಿ?" ಎಂದಳು.

ಸೋಮವಾರ ನಾನು ಹೈದರಾಬಾದಿಗೆ ಹೋಗಲಿಲ್ಲ, ಡಾಕ್ಟರಮ್ಮನಿಗೆ ಫೋನ್ ಮಾಡುವ ಧೈರ್ಯವೂ ಬರಲಿಲ್ಲ. ಒದ್ದೆ ಧೋತರದಲ್ಲಿ ಗುಡಿಯ ಪರ್ಸಿಕಲ್ಲಿನ ನೆಲದ ಮೇಲೆ ಬೋರಲು ಮಲಗಿ, ಎದ್ದು, ಒಂದು ಹೆಜ್ಜೆ ಇಟ್ಟು ಮತ್ತೆ ಮಲಗುತ್ತ ಸುತ್ತು ಹಾಕಿದೆ. ಓಣಿಯವರೆಲ್ಲ ಕೈಮುಗಿದು ನಿಂತಿದ್ದರು. ಸಾವಿನ ಬಾಯಿಂದ ಬಂದ ಮನುಷ್ಯ ಎಂದು ಯಾರೋ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾಚಿಕೆಯಿಂದ ಕಾಲು ಹಿಂದೆಳೆದುಕೊಂಡೆ. ನೆಲಕ್ಕೆ ನೀರು ಹಾಕುತ್ತ ಪಕ್ಕದಲ್ಲೇ ಬರುತ್ತಿದ್ದ ಶರಣಮ್ಮ ಬಗ್ಗಿ, ನನಗಷ್ಟೇ ಕೇಳುವ ಹಾಗೆ ಹೇಳಿದಳು: "ಮಾರಿ ಎತ್ತಿ ಹಿಡೀಬ್ಯಾಡ್ರಿ. ನೆಲಕ್ಕ ಹಚ್ಚರಿ."

ಎತ್ತಿ ಹಿಡಿದದ್ದು ನನಗೇ ಗೊತ್ತಿರಲಿಲ್ಲ. ಹಚ್ಚಿದೆ. ಎಡಗೆನ್ನೆ ಮಾತ್ರ. ಬಲಗಡೆಯದು ಇನ್ನೂ ಅಷ್ಟೊಂದು ಕೆಟ್ಟಿಲ್ಲ.