ಜೇಡಗಳ ಕೂಡುಸಂಸಾರ

ಹಳೇ ಕಡತಗಳ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡೋಣ ಎಂದು ಸಾಹೇಬರು ಬೆಳಿಗ್ಗೆ ಹೇಳಿದ್ದೇ ತಡ, ಕಡತದ ಗುಮಾಸ್ತನ ಎದೆ ಧಸಕ್ಕೆಂದಿತು. ಮನೆಯಲ್ಲಿ ಅವನಿಗೆ ಹೆಂಡತಿ, ಮೂವರು ಮಕ್ಕಳು, ಅತ್ತೆ, ಮಾವ, ಇಬ್ಬರು ಭಾವಮೈದುನರು. ಬಚ್ಚಲಿಗೆ ಹೊಕ್ಕರೂ ಯಾರಾದರೊಬ್ಬರು ಬಾಗಿಲು ಬಡಿಯುತ್ತಿದ್ದರು. ಒಬ್ಬನೇ ಕೂತು ನೆಮ್ಮದಿಯಾಗಿ ಡಬ್ಬಿ ಬಿಚ್ಚಲು ಅವನಿಗಿದ್ದ ಜಾಗ, ಅವನ ಮೇಜಿದ್ದ ಈ ಕೋಣೆಯೊಂದೇ.

ಒಬ್ಬನೇ ಎಂದರೆ, ಜೇಡಗಳನ್ನು ಲೆಕ್ಕಕ್ಕೆ ಹಿಡಿಯದೆ. ಎರಡು ಬೀರುಗಳ ನಡುವೆ ಸೊಳ್ಳೆಪರದೆಯಂತೆ ಇಳಿಬಿದ್ದ ಒಂದೇ ಬಲೆಯಲ್ಲಿ ನೂರಾರು ಜೇಡಗಳಿದ್ದವು. ಅವು ಮಾತಾಡುತ್ತಿರಲಿಲ್ಲ, ಅವನ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ಹಾಗಾಗಿ ಎರಡು ವರ್ಷದಿಂದ ಅವನೂ ಅವುಗಳ ತಂಟೆಗೆ ಹೋಗಿರಲಿಲ್ಲ.

ಅಷ್ಟರಲ್ಲಿ ಟೈಪಿಸ್ಟಮ್ಮ ಉದ್ದನೆಯ ಪೊರಕೆ ಹಿಡಿದು ಬಂದೇಬಿಟ್ಟರು. ಗುಮಾಸ್ತ ಅಡ್ಡ ನಿಂತ. ಪೊರಕೆ ತಗಲಿ ಬಲೆಯ ಒಂದು ಮಗ್ಗುಲು ಅವನ ತಲೆಯ ಮೇಲೇ ಇಳಿಯಿತು. ಹುಬ್ಬಿನ ಮೇಲೆ ಜೇಡ ಹರಿದಾಡುತ್ತಿದ್ದರೂ ಅವನು ಜಗ್ಗಲಿಲ್ಲ.

"ಮುಟ್ಬೇಡಿ ಅಕ್ಕಾ, ಇವು ಅಪರೂಪದ ಜೇಡ," ಎಂದು ಬಾಯಿಗೆ ಬಂದದ್ದನ್ನು ಹೇಳಿದ.

ಅಪರೂಪ ನೋಡಲು ಇಡೀ ಕಚೇರಿಯೇ ಬಂದು ನೆರೆಯಿತು. ಒಬ್ಬರು ಔಷಧಿ ಹೊಡೆಯಿರಿ ಎಂದರೆ, ಇನ್ನೊಬ್ಬರು ಚಪ್ಪಲಿಯೇ ಸಾಕು ಎಂದರು. ಗುಮಾಸ್ತ ಗಾಬರಿಯಾಗಿ, ಪಕ್ಕದ ಮನೆಯ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಫೋನು ಮಾಡಿ ಗೋಗರೆದ. ಮೇಷ್ಟ್ರು ಬಂದರು, ಭೂತಗನ್ನಡಿ ಹಿಡಿದು ಕೂತರು, ಮತ್ತೆ ಏಳಲೇ ಇಲ್ಲ. ಸುಳ್ಳು ನಿಜವಾಗಿಬಿಟ್ಟಿತ್ತು. ಸಾಮಾನ್ಯವಾಗಿ ಜೇಡ ಇನ್ನೊಂದು ಜೇಡವನ್ನು ಕಂಡರೆ ತಿಂದುಹಾಕುತ್ತದಂತೆ. ಇವು ಮಾತ್ರ ಸೇರಿ ಬಲೆ ನೇಯುತ್ತವೆ, ಸಿಕ್ಕ ಬೇಟೆಯನ್ನು ಹಂಚಿ ತಿನ್ನುತ್ತವೆ, ಒಂದರ ಮರಿಗೆ ಇನ್ನೊಂದು ಉಣಿಸುತ್ತದೆ ಎನ್ನುತ್ತಾ ಮೇಷ್ಟ್ರು ಕಣ್ಣೊರೆಸಿಕೊಂಡರು. ಸಾಹೇಬರ ಕಣ್ಣೂ ತುಂಬಿತು. ಅವರ ಕಚೇರಿಯಲ್ಲಿ ಕೇಳಿದರೆ ಒಂದು ಪೆನ್ನು ಕೊಡುವವರಿರಲಿಲ್ಲ.

ಊಟದ ಕೋಣೆಯ ಮಾತು ಅಲ್ಲಿಗೆ ಬಿದ್ದುಹೋಯಿತು. ಗುಮಾಸ್ತನಿಗೆ ಹಾಲು ಕುಡಿದಷ್ಟು ಸಂತೋಷ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಉಮೇದಿನಲ್ಲಿ, ಇವಕ್ಕೆ ಮನುಷ್ಯರ ಗಾಳಿಯೇ ಆಗಿಬರುವುದಿಲ್ಲ, ಒಂದು ನರಪಿಳ್ಳೆಯನ್ನೂ ಒಳಗೆ ಬಿಡಬಾರದು ಎಂದು ತಾನಾಗಿ ಸೇರಿಸಿದ.

ಸಾಹೇಬರು ತಲೆದೂಗಿದರು. "ಸರಿಯಾಗಿ ಹೇಳಿದ್ರಿ. ಬಾಗಿಲಿಗೆ ಬೀಗ ಹಾಕ್ಸಿ. ಇವರ ಮೇಜು ಹಜಾರಕ್ಕೆ ತನ್ನಿ."

"ಸಾರ್, ನಾನು ಎರಡು ವರ್ಷದಿಂದ ಇಲ್ಲೇ ಇದ್ದೀನಲ್ಲ..."

"ಪಾಪ, ಎರಡು ವರ್ಷ ನಿಮ್ಮನ್ನ ಹೇಗೆ ಸಹಿಸ್ಕೊಂಡ್ವೋ ಏನೋ," ಎಂದು ಸಾಹೇಬರು ಮರುಗಿದರು.

ಮಧ್ಯಾಹ್ನ, ಹಜಾರದ ಹನ್ನೊಂದು ಮೇಜುಗಳ ನಟ್ಟನಡುವೆ ಕೂತು ಅವನು ಡಬ್ಬಿ ಬಿಚ್ಚಿದ. ನಾಲ್ಕೂ ಕಡೆಯಿಂದ ಕೈಗಳು ಬಂದವು.

"ಮುಖ ಯಾಕೆ ಹಾಗ್ಮಾಡ್ತೀರಪ್ಪಾ?" ಎಂದರು ಟೈಪಿಸ್ಟಮ್ಮ, ತುತ್ತು ನುಂಗುತ್ತಾ. "ಹಂಚಿ ತಿನ್ನೋದನ್ನ ನಿಮ್ಮ ಜೇಡಗಳೇ ಅಲ್ವಾ ಕಲಿಸಿದ್ದು?"

ಡಬ್ಬಿ ಒಂದು ಸುತ್ತು ಹೋಗಿ ಖಾಲಿಯಾಗಿ ಕೈಗೆ ಬಂತು. ಅವನ ಕೂದಲಿನಿಂದ ಒಂದು ಜೇಡ ಅದರೊಳಗೆ ಬಿತ್ತು. ಅಷ್ಟೊಂದು ಜನರನ್ನು ಕಂಡು ಗಾಬರಿಯಾಗಿ, ಮೇಜಿನಿಂದಿಳಿದು ಓಡಿ, ಬೀಗ ಹಾಕಿದ ಬಾಗಿಲ ಸಂದಿಯಲ್ಲಿ ನುಸುಳಿ ಒಳಗೆ ಹೋಯಿತು. ಗುಮಾಸ್ತ ಹೊಟ್ಟೆಕಿಚ್ಚಿನಿಂದ ಆ ಸಂದಿಯನ್ನೇ ನೋಡುತ್ತಾ ಕೂತ.